ಮೂರನೇ ರೌಂಡಿನ ಮಾತು

"ಜೋರ ಮಾಡಬ್ಯಾಡ್ರಿ, ಬೆರಳು ಮುರೀತಾವ," ಎಂದರು ಅಂತ್ಯಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು.

ಗುರಣ್ಣ ಹಿಡಿತ ಸಡಿಲಿಸಲಿಲ್ಲ. ಅಕ್ಕನ ಗಂಡನ ಎಡಗೈಯನ್ನು ತನ್ನ ಮೊಣಕಾಲಿನ ಮೇಲಿಟ್ಟುಕೊಂಡು, ಮಡಚಿದ ಕಿರುಬೆರಳನ್ನೂ ಉಂಗುರಬೆರಳನ್ನೂ ಬಿಡಿಸಲು ನೋಡುತ್ತಿದ್ದ. ಜಟ್ಟೆಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತೊಂಬತ್ತೆಂಟು ಕಿಲೊ ತೂಕದ ಮೈಯನ್ನು ಚಕ್ಕಳಮಕ್ಕಳಕ್ಕೆ ತರಲು ಬೆಳಿಗ್ಗೆ ಆರು ಜನ ಬೇಕಾಗಿದ್ದರು. ಹಣೆಗೆ ವಿಭೂತಿ ಬಳಿದಾಗಿತ್ತು, ಕೊರಳಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಎಡಗೈ ಒಂದೇ ತೊಂದರೆ ಕೊಡುತ್ತಿತ್ತು. ಮಣ್ಣು ಮಾಡುವಾಗ ಇಷ್ಟಲಿಂಗ ಇಡಬೇಕಾದದ್ದು ಅದೇ ಅಂಗೈಯಲ್ಲಿ.

"ಒಳಗ ಏನೋ ಹಿಡಕೊಂಡಾನ ನೋಡ್ರಿ," ಎಂದ ಗುರಣ್ಣ.

"ಏನೂ ಇಲ್ಲ ಮಾಮಾ. ಆ ಎರಡು ಬೆರಳು ಮೊದಲಿಂದಲೂ ಬಿಚ್ಚೋದಿಲ್ಲ. ಸೆಂಟ್ರಿಂಗ್ ಕೆಲಸದಾಗ ಕಬ್ಬಿಣದ ಪ್ಲೇಟು ಬಿದ್ದಿತ್ತಲ್ಲ," ಎಂದಳು ಅವನ ಮಗಳು ಆರತಿ.

"ಪ್ಲೇಟು ಬಿತ್ತು ಅಂತ ಅಂವ ಹೇಳ್ತಿದ್ದ. ಅಂವ ಹೇಳಿದ್ದೆಲ್ಲಾ ಖರೇ ಇರ್ತದೇನು?"

ಆರತಿ ತಾಯಿಯ ಕಡೆ ನೋಡಿದಳು. ಚಂದಮ್ಮ ಅಳು ನಿಲ್ಲಿಸಿ ತಮ್ಮನನ್ನೇ ದಿಟ್ಟಿಸುತ್ತಿದ್ದಳು. ಆ ನೋಟದಲ್ಲಿ ದುಃಖಕ್ಕಿಂತ ಭಯ ಹೆಚ್ಚಿತ್ತು. ಆರತಿಗೆ ಅದು ಹಿಡಿಸಲಿಲ್ಲ.

ಅವಳು ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿದ್ದಳು. ನಕಲು ಹಿಡಿಯುವುದು ಅವಳ ಕೆಲಸ. ಯಾರು ಯಾವಾಗ ಸುಮ್ಮನಾಗುತ್ತಾರೆ ಎಂಬುದನ್ನು ಗಮನಿಸುವ ಚಾಳಿ ಮನೆಗೂ ಬಂದಿತ್ತು.

ಹನ್ನೊಂದರ ಹೊತ್ತಿಗೆ ಪುಣೆಯ ಯೆರವಡಾದ ಆ ಓಣಿಯ ತಿರುವಿನಲ್ಲಿ ರಿಕ್ಷಾ ನಿಂತು, ಎತ್ತರದ ಮುದುಕನೊಬ್ಬ ಇಳಿದ. ಶಾಮಿಯಾನದ ಅಡಿ ಬಂದವನು ಒಳಗೆ ಹೋಗಲಿಲ್ಲ, ಹೊಸ್ತಿಲಿನಿಂದಲೇ ಹೆಣ ನೋಡಿ ಹಿಂದೆ ಸರಿದು ಕುರ್ಚಿಯಲ್ಲಿ ಕೂತ.

"ಬಂದ ನೋಡು ಏಕನಾಥ," ಗುರಣ್ಣ ಆರತಿಯ ಕಿವಿಯಲ್ಲಿ ಹೇಳಿದ. "ನಿಮ್ಮಪ್ಪನ ಕೈಯಾಗ ಬಿದ್ದಾಂವ. ಬಿದ್ದಾಂವ ಅಂದ್ರ, ಗೊತ್ತಲ್ಲ."

ಅವಳಿಗೆ ಗೊತ್ತಿತ್ತು.

*

ಆರತಿಗೆ ಎರಡು ವರ್ಷವಿದ್ದಾಗ ಜಟ್ಟೆಪ್ಪ ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಸಂಜೆ ಬಾಕ್ಸಿಂಗ್ ಆಡುತ್ತಿದ್ದ. ಹೆವಿವೇಟ್. ಆ ಮಳೆಗಾಲ ಲೋಣಾವಳಾದ ಒಂದು ಹಾಲಿನಲ್ಲಿ ಮುಂಬಯಿಯವನೊಬ್ಬ ಮೊದಲ ರೌಂಡಿನಲ್ಲೇ ಅವನನ್ನು ಕೆಡವಿದ. ರೆಫ್ರಿ ಹತ್ತು ಎಣಿಸಿ ಮುಗಿಸಿದ ಮೇಲೂ ಎಚ್ಚರವಾಗಲಿಲ್ಲವಂತೆ.

ಎದ್ದ ಮೇಲೆ ಯಾರಿಗೂ ಹೇಳದೆ ಲೋಕಲ್ ರೈಲು ಹತ್ತಿದ. ಆಟಗಾರರಿಗೆಲ್ಲ ಕೊಟ್ಟ ಚಿಕ್ಕಿಯ ಡಬ್ಬಿ ಕಂಕುಳಲ್ಲಿತ್ತು. ಪುಣೆ ಬಂತೆಂದು ನಡುದಾರಿಯ ದೇಹೂ ರೋಡ್ ನಿಲ್ದಾಣದಲ್ಲೇ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಹೋಗಿಬರುವವರನ್ನೆಲ್ಲ "ಯೆರವಡಾಕ್ಕ ಬಸ್ ಎಲ್ಲಿ ನಿಲ್ತದ್ರಿ?" ಎಂದು ಕೇಳುತ್ತಿದ್ದ. ಅಲ್ಲಿಯೇ ನೌಕರಿಯಲ್ಲಿದ್ದ ಏಕನಾಥ ಗುರುತು ಹಿಡಿದ. ಅವನೂ ಹೆವಿವೇಟ್, ಅಕ್ಕಲಕೋಟೆ ಕಡೆಯವನು, ಕನ್ನಡ ಬರುತ್ತಿತ್ತು. ಕೈಹಿಡಿದು ಮನೆತನಕ ತಂದು ಬಿಟ್ಟ.

ಎಂಟು ತಿಂಗಳ ನಂತರ ಜಟ್ಟೆಪ್ಪ ಮತ್ತೆ ರಿಂಗಿಗೆ ಇಳಿದ. ಗೆದ್ದವನಿಗೆ ಕಾರ್ಖಾನೆಯೊಂದರಲ್ಲಿ ಆಟಗಾರರ ಕೋಟಾದಿಂದ ಕಾವಲಿನ ಕಾಯಂ ನೌಕರಿ ಎಂಬ ಮಾತಿತ್ತು. ಎದುರಾಳಿ ಅದೇ ಏಕನಾಥ. ಎರಡನೇ ರೌಂಡಿನಲ್ಲಿ ಏಕನಾಥ ಬಿದ್ದ, ಜಟ್ಟೆಪ್ಪನಿಗೆ ನೌಕರಿ ಸಿಕ್ಕಿತು.

ಮ್ಯಾಚಿಗೆ ಎರಡು ದಿನ ಮೊದಲು ಇಬ್ಬರೂ ದೇಹೂ ರೋಡಿನ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದುದನ್ನು ಗುರಣ್ಣ ನೋಡಿದ್ದ. "ಬೀಳ್ತೀನಿ ಅಂತ ಏಕನಾಥ ಅಂದದ್ದು ನಾ ಕಿವಿಯಾರೆ ಕೇಳೀನಿ," ಎಂದು ಪ್ರತಿ ದೀಪಾವಳಿಗೆ ಬಂದಾಗಲೂ ನಗುತ್ತ ಹೇಳುತ್ತಿದ್ದ. ಜಟ್ಟೆಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಅವನು ಯಾಕೆ ಇಲ್ಲವೆನ್ನುವುದಿಲ್ಲ ಎಂದು ಆರತಿ ಸಣ್ಣವಳಿದ್ದಾಗಲೇ ಯೋಚಿಸುತ್ತಿದ್ದಳು.

ಕಳೆದ ವರ್ಷ ಅವನು ನಿವೃತ್ತನಾದ. ಕಾರ್ಖಾನೆಯವರು ಸತ್ಕಾರ ಇಟ್ಟುಕೊಂಡಿದ್ದರು.

"ನನ್ನ ಬಗ್ಗೆ ನಾಕ ಸಾಲು ಬರದು ಕೊಡವಾ," ಎಂದು ಅವಳ ಮುಂದೆ ಹಾಳೆ ಇಟ್ಟಿದ್ದ. "ಆ ಮ್ಯಾಚಿಂದೂ ಬರಿ."

"ಆಗದ ಮ್ಯಾಚಿನ ಬಗ್ಗೆ ಹ್ಯಾಂಗ ಬರೀಲಿ?" ಎಂದಿದ್ದಳು ಆರತಿ. ಮಾತನ್ನು ಮೊದಲೇ ಆರಿಸಿಟ್ಟುಕೊಂಡಿದ್ದಳು.

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಅವಳ ಮುಂದೆ ಬಾಕ್ಸಿಂಗ್ ಎಂಬ ಶಬ್ದವನ್ನೇ ಎತ್ತಲಿಲ್ಲ.

*

ಪಕ್ಕದ ಮನೆಯ ಭಾಮಾ ದೂರದಿಂದ ಬಂದವರಿಗೆ ಚಹಾ, ಖಾರಿ ಬಿಸ್ಕೀಟು ಕೊಡುತ್ತಿದ್ದಳು. ಏಕನಾಥ ಖಾರಿಯನ್ನು ಚಹಾದಲ್ಲಿ ಪೂರ್ತಿ ನೆನೆಸಿ, ಎಡದವಡೆಯಲ್ಲಷ್ಟೇ ಅಗಿಯುತ್ತಿದ್ದ. ಬಲಗೆನ್ನೆಯ ಕೆಳಗೆ ದವಡೆ ಒಳಕ್ಕೆ ತಗ್ಗಾಗಿತ್ತು. ಆರತಿ ಅದನ್ನೇ ನೋಡುತ್ತ ಹತ್ತಿರ ಹೋದಳು. ನಾಲ್ಕು ಗಂಟೆಗೆ ಹೆಣ ಎತ್ತುವವರಿದ್ದರು. ಆಮೇಲೆ ಯಾರನ್ನು ಕೇಳಿದರೂ ಅಪ್ಪನಿಗೆ ಹೇಳಲು ಆಗುವುದಿಲ್ಲ.

"ನಿಮ್ಮನ್ನ ಒಂದು ಮಾತು ಕೇಳಬೇಕು."

"ಆ ನಾಕ ಸಾಲಿನ ಮಾತೇ ಅಲ್ಲೇನು?" ಎಂದ ಏಕನಾಥ. "ನಿಮ್ಮಪ್ಪ ಫೋನ್ ಮಾಡಿ ಹೇಳಿದ್ದ. ಮಗಳು ಬರೀಲಿಲ್ಲ ಅಂದ."

"ಸಿಟ್ಟಿನಾಗಿದ್ದರೇನು?"

"ನಕ್ಕ. ಭಾಳ ಕಟ್ಟುನಿಟ್ಟಿನ ಪೋರಿ, ಪೊಲೀಸಾಗಬೇಕಿತ್ತು ಅಂದ."

ಆರತಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನೀವು ಬೇಕಂತ ಬಿದ್ದಿರೋ ಇಲ್ಲೋ?"

ಏಕನಾಥ ಬಟ್ಟಲು ಕೆಳಗಿಟ್ಟ. "ನಿಮ್ಮ ಮಾಮಾ ಕೇಳಿದ್ದು ಖರೇ ಅದ. ಮೂರನೇ ರೌಂಡಿನಾಗ ಬೀಳ್ತೀನಿ ಅಂತ ನಾನೇ ಹೇಳಿದೆ. ಆ ಪ್ಲಾಟ್‌ಫಾರ್ಮಿನ ಮ್ಯಾಲ ಅಂವನ ಕಣ್ಣು ನೋಡಿದ್ನಲ್ಲ. ಇನ್ನೊಂದು ಏಟು ಬಿದ್ರ ಉಳೀತಿರಲಿಲ್ಲ. ನನಗ ನೌಕರಿ ಇತ್ತು."

"ಅಪ್ಪ ಏನಂದ್ರು?"

"ಏನೂ ಅನ್ನಲಿಲ್ಲ. ಚಹಾ ಕುಡದ. ನಾ ಹೂಂ ಅಂದಂಗ ತಿಳಕೊಂಡೆ." ಅವನು ದವಡೆ ಸವರಿಕೊಂಡ. "ಎರಡನೇ ರೌಂಡಿನಾಗ ನಾ ಸುಮ್ಮ ಕೈ ಆಡಸಾಕತ್ತಿದ್ದೆ. ಎಲ್ಲಿಂದ ಬಂತೋ ಆ ಎಡಗೈ. ಕಣ್ಣು ತೆರದಾಗ ದವಾಖಾನ್ಯಾಗಿದ್ದೆ. ಮೂರನೇ ರೌಂಡು ನನಗ ಸಿಗಲೇ ಇಲ್ಲವಾ."

"ಕೇಳಲಿಲ್ಲೇನು ಅವರನ್ನ?"

"ಕೇಳಿದೆ. ದವಡಿಗೆ ತಂತಿ ಹಾಕಿದ್ರು, ಚೀಟಿ ಬರದು ಕೇಳಿದೆ. ನಾ ಬೀಳಾಂವ ಇದ್ದೆ, ಯಾಕ ಹೊಡದಿ ಅಂತ. ಅದಕ್ಕ, ನೀ ಬೀಳೂಕಿಂತ ಮದಲ ಹೊಡದೆ, ಅಂದ."

ಕತೆ ಚೆನ್ನಾಗಿತ್ತು. ಅದಕ್ಕೇ ಆರತಿಗೆ ಸಂಶಯ ಬಂತು. ಹೆಣದ ಮುಂದೆ ಹೇಳಲೆಂದೇ ಮಾಡಿಟ್ಟುಕೊಂಡ ಮಾತಿನಂತೆ ಕೇಳಿಸಿತು. ದವಡೆ ಮುರಿಯಲು ನೂರು ಕಾರಣಗಳಿರುತ್ತವೆ.

"ಆವತ್ತು ಅಪ್ಪ ಯಾವ ಚಡ್ಡಿ ಹಾಕಿದ್ರು?"

ಅವನು ಅವಳನ್ನು ನೋಡಿದ, ಆದರೆ ಯಾಕೆಂದು ಕೇಳಲಿಲ್ಲ. "ನೀಲಿ. ಮಳಿ ಇತ್ತು. ಪೆಂಡಾಲು ಸೋರಾಕತ್ತಿತ್ತು."

ಅವಳು ನೇರ ಅಡುಗೆಮನೆಗೆ ಹೋದಳು. ಚಂದಮ್ಮ ಬಿಲ್ವಪತ್ರೆ ಬಿಡಿಸುತ್ತಿದ್ದಳು.

"ಅವ್ವಾ, ಆ ಮ್ಯಾಚಿನ ದಿನ ಅಪ್ಪ ಯಾವ ಚಡ್ಡಿ ಹಾಕಿದ್ದ?"

"ಈಗ್ಯಾಕ ಅದು?"

"ಹೇಳು."

"ಕೆಂಪು. ನಾನೇ ಹೊಲದದ್ದು."

"ಮಳಿ ಇತ್ತೇನು?"

"ಎಲ್ಲೀ ಮಳಿ. ಬಿಸಿಲಿಗೆ ತಗಡು ಸುಡ್ತಿತ್ತು." ಚಂದಮ್ಮ ಪತ್ರೆ ಕೆಳಗಿಟ್ಟಳು. "ಏಕನಾಥ ಏನು ಹೇಳಿದ?"

"ಏನು ಹೇಳಬಾರದಿತ್ತು?"

ಚಂದಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಪ್ಲೇಟು ಬಿದ್ದಿಲ್ಲ. ಆವತ್ತು ಮನಿಗೆ ಬಂದಾಗ ಎಡಗೈ ಹಿಂಗ ಊದಿತ್ತು. ಕೈಪಟ್ಟಿ ಬಿಚ್ಚಾಕ ಬರಲಿಲ್ಲ, ಬ್ಲೇಡಿನಿಂದ ಕೊಯ್ದೆ. ಏಕನಾಥನ ದವಡಿ ಮುರೀತು ಅಂತ ಒಂದ ಮಾತು ಹೇಳಿ ಗ್ವಾಡಿ ಕಡೆ ತಿರುಗಿ ಮಲಗಿದ."

"ದವಾಖಾನಿಗೆ ಯಾಕ ಹೋಗಲಿಲ್ಲ?"

"ಮುಂದಿನ ವಾರ ನೌಕರಿಗೆ ಡಾಕ್ಟರ್ ನೋಡಾವ್ರಿದ್ರು. ಕೈ ಮುರಿದಾಂವಗ ಕಾವಲು ಯಾರು ಕೊಡ್ತಾರ? ಮುಷ್ಟಿ ಕಟ್ಟು ಅಂದ್ರಂತ, ಕಟ್ಟಿ ತೋರಿಸಿದ. ಬಿಚ್ಚು ಅಂತ ಯಾರೂ ಅನ್ನಲಿಲ್ಲ. ಆಮ್ಯಾಲ ಪ್ಲೇಟಿನ ಮಾತು ನಾನೇ ಹುಟ್ಟಿಸಿದೆ. ಗುರಣ್ಣ ನಕ್ಕಾಗ ಇಲ್ಲ ಅಂದ್ರ ಈ ಕೈ ತೋರಸಬೇಕಾಗ್ತಿತ್ತು."

"ನನಗೂ ಹೇಳಲಿಲ್ಲ."

"ನಿನಗ ಹೇಳಿದ್ರ ನೀ ಅಪ್ಪನ್ನ ಕರಕೊಂಡು ಹೋಗಿ ಕಾರ್ಖಾನ್ಯಾಗ ತಪ್ಪೊಪ್ಪಿಗಿ ಬರಸ್ತಿದ್ದಿ," ಎಂದಳು ಚಂದಮ್ಮ. ಅದರಲ್ಲಿ ಆರೋಪವಿರಲಿಲ್ಲ.

ಆರತಿ ಅಲ್ಲೇ ಕೂತಳು. ನಕಲು ಮಾಡಿದವರ ಉತ್ತರಗಳಲ್ಲಿ ತಪ್ಪುಗಳೂ ಒಂದೇ ಇರುತ್ತವೆ. ಇಲ್ಲಿ ಒಬ್ಬರಿಗೆ ಮಳೆ, ಒಬ್ಬರಿಗೆ ಬಿಸಿಲು. ಒಬ್ಬರಿಗೆ ನೀಲಿ, ಒಬ್ಬರಿಗೆ ಕೆಂಪು. ಎಡಗೈ ಮಾತ್ರ ಇಬ್ಬರಿಗೂ ಎಡಗೈ. ಅವಳು ಇನ್ನೊಂದು ಪ್ರಶ್ನೆಗಾಗಿ ಹುಡುಕಿದಳು. ಸಿಗಲಿಲ್ಲ.

*

ಲಿಂಗಾಯತ ಸ್ಮಶಾನದಲ್ಲಿ ಕುಣಿಯನ್ನು ರೂಢಿಗಿಂತ ಒಂದು ಮೊಳ ಅಗಲ ತೋಡಿದ್ದರು. ಕುರ್ಚಿಯಲ್ಲಿ ಕಟ್ಟಿ ತಂದ ಜಟ್ಟೆಪ್ಪನನ್ನು ಅಂಚಿನಲ್ಲಿ ಇಳಿಸಿದರು. ಗುರಣ್ಣ ಮತ್ತೆ ಎಡಗೈ ಹಿಡಿದ.

"ಬಿಡು ಮಾಮಾ," ಎಂದಳು ಆರತಿ.

"ಬಿಟ್ರ ಹ್ಯಾಂಗ? ಲಿಂಗ ಎಲ್ಲಿ ಇಡೂದು?"

"ಅದು ಬಿಚ್ಚೋದಿಲ್ಲ. ಏಕನಾಥ ಕಾಕಾನ ದವಡಿಗೆ ಹೊಡದು ಮುರಿದದ್ದು ಅದು."

ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಗುರಣ್ಣ ನಗಲು ಬಾಯಿ ತೆರೆದು, ಅಕ್ಕನ ಮುಖ ನೋಡಿ, ಕೈ ಬಿಟ್ಟು ಹಿಂದೆ ಸರಿದ.

"ಇದ್ದಷ್ಟು ಜಾಗ ಸಾಕು," ಎಂದರು ಅಯ್ನೋರು. "ಕಡೀ ದರ್ಶನ ಮಾಡ್ಕೋರಿ."

ಏಕನಾಥ ಮುಂದೆ ಬಂದ. ಒಂದು ಮೊಣಕಾಲೂರಿದ, ಸ್ವಲ್ಪ ತಡೆದು ಇನ್ನೊಂದು. ಪಾದ ಮುಟ್ಟುತ್ತಾನೆಂದು ಎಲ್ಲರೂ ತಿಳಿದರು. ಅವನು ಆ ಎಡಗೈಯನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ತನ್ನ ಬಲಗೆನ್ನೆಯ ಕೆಳಗೆ ಒತ್ತಿಕೊಂಡ. ಬಾಗಿದ ಎರಡು ಗೆಣ್ಣುಗಳು ಆ ತಗ್ಗಿನಲ್ಲಿ ಸರಿಯಾಗಿ ಕೂತವು. ಲಿಂಗ ಹಿಡಿದ ಅಯ್ನೋರ ಕೈ ಗಾಳಿಯಲ್ಲೇ ಕಾಯುತ್ತಿತ್ತು.