ಬರೋ ನೀರು, ಹೋಗೋ ನೀರು

ಬೆಳಗಿನ ಸರದಿಯ ನೀರು ಬಿಟ್ಟು ತಿಪ್ಪೇರುದ್ರಸ್ವಾಮಿ ಪಂಚಾಯ್ತಿ ಆಫೀಸಿಗೆ ಬಂದಾಗ ಪಿಡಿಒ ವಾಣಿಶ್ರೀ ನಗುತ್ತ ಕರೆದರು. ಗಣರಾಜ್ಯೋತ್ಸವದ ದಿನ ಊರಿನ ನೀರಿನ ಕೆಲಸಗಾರರಿಗೆ ಪಂಚಾಯ್ತಿಯಿಂದಲೇ ಸನ್ಮಾನವಂತೆ. ನ್ಯಾಮತಿ ಸೀಮೆಯ ಆ ಊರಲ್ಲಿ ನೀರಗಂಟಿಗೆ ಅದುವರೆಗೆ ಯಾರೂ ಹಾರ ಹಾಕಿದ್ದಿಲ್ಲ. ಸ್ವಾಮಿಯ ಮುಖ ಅರಳಿತು.

"ನೀವು, ಮತ್ತೆ ಗಟಾರದ ಕೆಲಸದ ಮಾರಪ್ಪ."

ಅರಳಿದ ಮುಖ ಬಿಗಿಯಿತು. "ಅವನ ಪಕ್ಕ ಕೂರಾಕೆ ನನ್ ಕೈಲಿ ಆಗಲ್ಲ ಮೇಡಂ."

"ಯಾಕ್ರೀ? ಇಬ್ಬರೂ ನೀರಿನ ಕೆಲಸದವರೇ ಅಲ್ವಾ?"

"ನಂದು ಬರೋ ನೀರು. ಅವಂದು ಹೋಗೋ ನೀರು. ಎರಡೂ ಒಂದೇನಾ?"

ಸಂಜೆಯೊಳಗೆ ಆ ಮಾತು ಮಾರಪ್ಪನ ಕೇರಿ ಮುಟ್ಟಿತು.

ಅದೇ ವಾರ ಮೇಲಿನ ಬೀದಿಯ ನಲ್ಲಿಗಳಲ್ಲಿ ಕಪ್ಪು ನೀರು ಬಂತು. ಗಟಾರದ ತಳದಲ್ಲಿ ಹಾದಿದ್ದ ಪೈಪು ಒಡೆದಿತ್ತು. ನಿರ್ಮಲಮ್ಮ ತನ್ನ ಕೊಡವನ್ನು ಸ್ವಾಮಿಯ ಕಾಲ ಬುಡಕ್ಕೇ ಸುರಿದಳು. "ಇದನ್ನ ಮೊದಲು ನೀವು ಕುಡೀರಿ! ಇವರಿಗೆ ಸನ್ಮಾನ ಬೇರೆ ಕೇಡು!" ಅವಳ ಮಗ ಗುರುಬಸವರಾಜ್ ಸ್ವಾಮಿಯ ಕೊರಳಪಟ್ಟಿಗೆ ಕೈ ಹಾಕಿದ.

ಗಟಾರ ಕಟ್ಟಿಕೊಂಡು ತುಂಬಿತ್ತು. ರಾಡಿ ತೆಗೆಯದೆ ಪೈಪು ಕೈಗೆ ಸಿಗುವಂತಿರಲಿಲ್ಲ. ಯಾರೋ ಮಾರಪ್ಪನನ್ನು ಕರೆತಂದರು. ಅವನು ಸಲಿಕೆ ಊರಿ ನಿಂತ, ಇಳಿಯಲಿಲ್ಲ.

"ಪಕ್ಕ ಕೂರಾಕೆ ಆಗಲ್ಲ ಅಂದ್ರಂತೆ, ಸ್ವಾಮೇರೆ. ಇದರೊಳಗೆ ಇಳಿಯಾಕೆ ಮಾತ್ರ ನಾನು ಬೇಕಾ?"

ಮಾರಪ್ಪ ಸಲಿಕೆಯಿಂದ ಗಟಾರ ತೋರಿಸಿದ.

"ರಾಡಿ ನಾನು ಎತ್ತುತೀನಿ. ಪೈಪು ನಿಮ್ದು. ಇಳೀರಿ."

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಸ್ವಾಮಿ ಪಂಚೆ ಎತ್ತಿ ಕಟ್ಟಿ ಇಳಿದ. ನಾತ ತಡೆಯಲು ಟವೆಲನ್ನು ಮೂಗಿಗೆ ಬಿಗಿದ. ಗಾಜಿನ ಚೂರೊಂದು ಮಾರಪ್ಪನ ಬರಿಗಾಲನ್ನು ಸೀಳಿತು. ಅವನು ಚಿಂದಿ ಸುತ್ತಿಕೊಂಡು ಮತ್ತೆ ಸಲಿಕೆ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಪೈಪು ಕೂಡಿತು.

ಮೇಲೆ ಬಂದ ಸ್ವಾಮಿ ಕೈ ತೊಳೆಯಲು ನಿರ್ಮಲಮ್ಮನ ನಲ್ಲಿಯತ್ತ ನಡೆದ.

"ಮುಟ್ಟಬ್ಯಾಡ್ರಿ! ಅಲ್ಲೇ ನಿಲ್ರಿ!"

ಆಕೆ ದೂರದಿಂದಲೇ ಚೊಂಬೆತ್ತಿ ಸುರಿದಳು. ಊರಿಗೆಲ್ಲ ತಾನೇ ಬಿಡುವ ನೀರು ಹಾಗೆ ಬೊಗಸೆಗೆ ಬಿದ್ದಾಗ ಸ್ವಾಮಿಯ ಮೈ ಉರಿಯಿತು. ಮಗ್ಗುಲಲ್ಲಿ ಮಾರಪ್ಪ ಸುಮ್ಮನೆ ಬೊಗಸೆಯೊಡ್ಡಿ ನಿಂತಿದ್ದ. ಅವನಿಗದು ದಿನದ ಮಾತು.

ಸನ್ಮಾನದ ದಿನ ಅಧ್ಯಕ್ಷ ರೇಣುಕಪ್ರಸಾದ್ ಸ್ವಾಮಿಗೆ ಶಾಲು ಹೊದಿಸಿದರು. ಮಾರಪ್ಪನ ಶಾಲನ್ನು ಮಾತ್ರ ಮಡಿಕೆ ಬಿಚ್ಚದೆ ಮೇಜಿನ ಮೇಲೆ ತಳ್ಳಿದರು. ಮಾರಪ್ಪ ಮೈಕಿನ ಮುಂದೆ ಕುಂಟುತ್ತ ಬಂದ.

"ಶಾಲು ಹೊದ್ದು ಗಟಾರಕ್ಕೆ ಇಳಿಯಾಕೆ ಆಗಲ್ಲ. ಬೂಟು, ಗ್ಲೌಸು ಕೊಡ್ರಿ."

"ಕರೆದು ಮರ್ಯಾದೆ ಮಾಡಿದ್ರೆ ಕೊಬ್ಬು ನೋಡು!" ಜನರ ನಡುವಿನಿಂದ ಕೂಗು ಬಂತು. ಅಧ್ಯಕ್ಷರು ಮೈಕು ಕಿತ್ತುಕೊಳ್ಳಲು ಎದ್ದರು. ಅಷ್ಟರಲ್ಲಿ ಅದು ಸ್ವಾಮಿಯ ಕೈಯಲ್ಲಿತ್ತು.

"ಅವು ಬರೋತನಕ ನಾನು ವಾಲ್ವ್ ತಿರುಗಿಸಲ್ಲ."

ಮರುದಿನ ನಲ್ಲಿಗಳು ಒಣಗಿದ್ದವು. ಟ್ಯಾಂಕಿನ ಕೆಳಗೆ ಖಾಲಿ ಕೊಡಗಳೂ ಬೈಗುಳವೂ ಸೇರಿದವು. "ಕೆಲಸದಿಂದ ತೆಗೀತೀವಿ!" ಎಂದು ಅಧ್ಯಕ್ಷರು ಗುಡುಗಿದರು. "ತೆಗೀರಿ," ಎಂದ ಸ್ವಾಮಿ ಮೆಟ್ಟಿಲಿನಿಂದ ಕದಲಲಿಲ್ಲ. ಮಾರಪ್ಪ ಅವನ ಪಕ್ಕದಲ್ಲೇ ಕೂತಿದ್ದ.

ಬಿಸಿಲೇರುವಾಗ ವಾಣಿಶ್ರೀ ಹೊನ್ನಾಳಿಯಿಂದ ಸ್ಕೂಟರಿನಲ್ಲಿ ಬಂದು ಚೀಲವೊಂದನ್ನು ಇಳಿಸಿದರು. ಮಾರಪ್ಪ ಪಟ್ಟಿ ಕಟ್ಟಿದ ಕಾಲನ್ನು ಮೆಲ್ಲಗೆ ಬೂಟಿನೊಳಗೆ ತೂರಿಸಿದ.

"ಬಿಗಿ ಆತಾ?" ಎಂದು ಕೇಳಿದ ಸ್ವಾಮಿ.

"ಇಲ್ಲ, ಸರಿ ಐತೆ."

ಆಮೇಲೆ ಸ್ವಾಮಿ ಎದ್ದು ಹೋಗಿ ವಾಲ್ವ್ ತಿರುಗಿಸಿದ.