ಭಾನುವಾರದ ಸೈಕಲ್

ನಾನು ಮಕ್ಕಳ ಸೈಕಲ್. ತುಂಡು ತುಂಡಾಗಿ ರಟ್ಟಿನ ಪೆಟ್ಟಿಗೆಯಲ್ಲಿ ದಾವಣಗೆರೆಗೆ ಬಂದೆ. ಅಂಗಡಿಯ ಮೆಕ್ಯಾನಿಕ್ ಬೀಡಿ ಕಚ್ಚಿಕೊಂಡು ಒಂದೊಂದೇ ನಟ್ಟು ಬಿಗಿದ, ಹಾಗೆ ಹುಟ್ಟಿದೆ. ಮೊದಲು ನನ್ನನ್ನು ಓಡಿಸಿದವಳು ಒಬ್ಬ ಡಾಕ್ಟರರ ಮಗಳು. ಎರಡೇ ದಿನಕ್ಕೆ ಕಲಿತಳು, ಎರಡೇ ವರ್ಷಕ್ಕೆ ಎತ್ತರವಾದಳು, ನನ್ನನ್ನು ಮರೆತಳು. ಬೇಜಾರೇನಿಲ್ಲ, ಮಕ್ಕಳ ಸೈಕಲ್ಲಿನ ಹಣೆಬರಹವೇ ಅಷ್ಟು.

ಆಮೇಲೆ ನನ್ನನ್ನು ಕೊಂಡವನು ಬಸ್ ಡ್ರೈವರ್ ರೇವಣ್ಣ. ಅವನಿಗೂ ಹೆಂಡತಿ ವನಜಾಕ್ಷಿಗೂ ಸಂಬಂಧ ಮುರಿದುಬಿದ್ದಿತ್ತು. ಏಳು ವರ್ಷದ ಮಗ ಮನ್ವಿತ್ ತಾಯಿಯ ಬಳಿ ಇದ್ದ. "ಮಗನಿಗೆ ಸೈಕಲ್ ಕಲಿಸ್ಬೇಕು ಸ್ವಾಮಿ, ಭಾನುವಾರನಾದ್ರೂ ಕೊಡ್ರಿ" ಎಂದು ರೇವಣ್ಣ ಜಡ್ಜರ ಮುಂದೆ ಕೈಮುಗಿದಿದ್ದನಂತೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಮಗ ಸಿಕ್ಕಿದ. ಪಕ್ಕದಲ್ಲೇ ನಿಂತಿದ್ದ ಹುಡುಗ ಆ ಮಾತನ್ನು ಕೇಳಿಸಿಕೊಂಡಿದ್ದ.

ಹೈಸ್ಕೂಲು ಮೈದಾನ ನಮ್ಮ ಜಾಗ. ರೇವಣ್ಣ ಸೀಟು ಹಿಡಿದು ಏದುಸಿರು ಬಿಡುತ್ತಾ ಹಿಂದೆ ಓಡುತ್ತಿದ್ದ.

"ಅಪ್ಪಾಜಿ, ಬಿಡಬ್ಯಾಡ ಮತ್ತೆ!"

"ಇಲ್ಲೋ ಮರಿ, ಹಿಡ್ಕಂಡೀನಿ!"

ಮೂರನೇ ವಾರ ಸದ್ದಿಲ್ಲದೆ ಕೈಬಿಟ್ಟ. ಹುಡುಗ ನೆಟ್ಟಗೆ ಹೋದ. ಭೇಷ್ ಮಗನೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವನು ಹಿಂತಿರುಗಿ ನೋಡಿ, ಬೇಕೆಂದೇ ಹ್ಯಾಂಡಲ್ ತಿರುಚಿ ದೊಪ್ಪನೆ ಬಿದ್ದ. ಸವಾರ ಕಲಿತದ್ದು ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಅಪ್ಪ ನೀರು ತರಲು ಹೋದಾಗ ನನ್ನ ಬೆಲ್ಲಿಗೆ ಬಾಯಿಟ್ಟು ಪಿಸುಗುಟ್ಟಿದ: "ಯಾರಿಗೂ ಹೇಳ್ಬ್ಯಾಡ. ನಾನು ಕಲಿತ್ರೆ ಭಾನುವಾರ ಮುಗಿದೋಗುತ್ತೆ."

ಅಯ್ಯೋ ಕಂದಾ! ನನಗೆ ಬಾಯಿಲ್ಲದ್ದಕ್ಕೆ ಆವತ್ತು ಸಂಕಟಪಟ್ಟೆ.

ವಾರ ವಾರ ಬಿದ್ದ. ಮೊಣಕೈ ತರಚಿತು, ಮಂಡಿ ಒಡೆಯಿತು. ಗಾಯ ನೋಡಿ ನೋಡಿ ರೋಸಿಹೋದ ವನಜಾಕ್ಷಿ ಒಂದು ಭಾನುವಾರ ತಾನೇ ಮೈದಾನಕ್ಕೆ ಬಂದಳು. ಅವಳ ಕಣ್ಣೆದುರೇ ಬಿದ್ದ.

"ಮಗನ್ನ ಸಾಯ್ಸಾಕ ಕರ್ಕಂಬರ್ತೀರೇನ್ರಿ? ನಾಳೆನೇ ಕೋರ್ಟಿಗೆ ಹೇಳಿ ಈ ಭಾನುವಾರದ್ದು ಬಂದ್ ಮಾಡಿಸ್ತೀನಿ!"

ರೇವಣ್ಣ ತಲೆ ತಗ್ಗಿಸಿದ. ಹುಡುಗ ಮಣ್ಣು ಕೊಡವಿಕೊಂಡು ಎದ್ದ. ನನ್ನನ್ನು ಎತ್ತಿ ನಿಲ್ಲಿಸಿ, ಹತ್ತಿ, ಯಾರೂ ಹಿಡಿಯದೆ ಇಡೀ ಮೈದಾನ ಒಂದು ಸುತ್ತು ಹೊಡೆದ. ಎಷ್ಟು ಚೆಂದ ತುಳಿದ ಅಂತೀರಿ! ಇಬ್ಬರ ಮಧ್ಯೆ ಬಂದು ಬ್ರೇಕ್ ಹಾಕಿ ಅಳತೊಡಗಿದ.

"ಬೇಕಂತ ಬಿದ್ದೆ ಮಮ್ಮಿ. ಅಪ್ಪಾಜಿದೇನೂ ತಪ್ಪಿಲ್ಲ. ಈಗ ಕಲ್ತಾಯ್ತಲ್ಲ, ಇನ್ಮ್ಯಾಲೆ ಭಾನುವಾರ ಇಲ್ಲೇನು?"

ವನಜಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು. "ಐತೋ ಮಗಾ" ಎಂದ ರೇವಣ್ಣ. "ಐತಪ್ಪ" ಎಂದಳು ಅವಳೂ. ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ನನ್ನ ಡೊಂಕು ಹ್ಯಾಂಡಲ್ ನೋಡಿ ಗುಜರಿಯವನು, "ಯಾವನೋ ಸೈಕಲ್ ಬರದವನು ಓಡಿಸ್ಯಾನ" ಎಂದ. ಅವನಿಗೇನು ಗೊತ್ತು, ಮಣ್ಣಂಗಟ್ಟಿ! ವನಜಾಕ್ಷಿ ಕೋರ್ಟಿಗೆ ಹೋಗಲಿಲ್ಲ, ಭಾನುವಾರಗಳು ತಪ್ಪಲಿಲ್ಲ. ದೊಡ್ಡವರು ಮಾತು ಉಳಿಸಿಕೊಂಡರು, ಇಲ್ಲವೆನ್ನಲಾರೆ. ಹುಡುಗ ಮಾತ್ರ ನಂಬಲಿಲ್ಲ. ಮೈದಾನ ಸುತ್ತಿದ ಮರುವಾರವೇ ನನ್ನ ಮೇಲೆ ಕೂತು ಅಪ್ಪನ ಮುಖ ನೋಡಿದ, ದೂರದ ಗೇಟಿನಲ್ಲಿ ನಿಂತ ತಾಯಿಯ ಮುಖ ನೋಡಿದ. ಹತ್ತು ಮಾರು ನೆಟ್ಟಗೆ ಹೋದ. ಆಮೇಲೆ ಮತ್ತೆ ಬಿದ್ದ.