ಹಸಿರು ದಾರದ ಚಪ್ಪಲಿ

ಮಂಚದ ಕೆಳಗೆ ಅರ್ಧ ಮೈ ತೂರಿಸಿಕೊಂಡು ಅಕ್ಕ ಪೊರಕೆಯ ಹಿಡಿಯಿಂದ ಮೂಲೆಮೂಲೆಯನ್ನೂ ತಡಕಿದಳು. ಸಿಕ್ಕಿದ್ದು ಒಂದು ಅಂಗಿಗುಂಡಿ ಮತ್ತು ಒಣಗಿದ ಪೆನ್ನು. ತಮ್ಮನ ಹಳೆಯ ಚಪ್ಪಲಿ ಯಾವುದೂ ಸಿಗಲಿಲ್ಲ.

"ಏನಮ್ಮ ಹುಡುಕ್ತಿದ್ದೀಯ? ಗಾಡಿ ಬಂದು ನಿಂತಿದೆ," ಎಂದ ದಪ್ಪ ಡ್ರೈವರ್. ತಮ್ಮನ ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯ. ನೆಂಟರೆಲ್ಲ ಫೋನಿನಲ್ಲೇ ನಿಟ್ಟುಸಿರು ಬಿಟ್ಟು ಕೈತೊಳೆದುಕೊಂಡಿದ್ದರು. ಖುದ್ದಾಗಿ ಬಂದವರು ಇವನು ಮತ್ತು ಸ್ಟ್ಯಾಂಡಿನ ಒಂದಿಬ್ಬರು, ಅಷ್ಟೇ.

"ಅವನ ಹಳೇ ಚಪ್ಪಲಿ ಏನಾದ್ರೂ ಇದ್ಯಾ ಅಂತ. ಬರಿಗಾಲಲ್ಲಿ ಹೇಗೆ ಕಳಿಸ್ಲಿ?"

"ಗಾಡಿ ಓಡ್ಸೋವಾಗ್ಲೂ ಹಾಕ್ತಿರ್ಲಿಲ್ವಲ್ಲಮ್ಮ. ಬರಿಗಾಲಿನ ಭೂಪ ಅಂತಾನೇ ಕರೀತಿದ್ವಿ."

"ಓಡ್ಸೋವಾಗ ಸರಿ. ಇಳಿಯೋವಾಗ?"

ಅವನು ತಲೆ ಕೆರೆದುಕೊಂಡ. "ಹಾಕ್ಕೊಂಡೇ ಇಳೀತಿದ್ದ. ಟೀ ಆರಿ ಹೋಗ್ತಿದ್ರೂ ಮಹಾರಾಜರು ಸೀಟಿನ ಕೆಳಗೆ ಚಪ್ಪಲಿ ತಡಕ್ತಾ ಕೂತಿರ್ತಿದ್ರು."

ಹೊಲಿಗೆಯಂತ್ರವನ್ನು ಗೋಡೆಗೆ ಸರಿಸಿ ಮಾಡಿದ್ದ ಜಾಗದಲ್ಲಿ ತಮ್ಮನ ಶವಪೆಟ್ಟಿಗೆ ಇತ್ತು. ಅಕ್ಕ ಹೊದಿಕೆಯ ತುದಿ ಎತ್ತಿ ನೋಡಿದಳು. ಪಾಳುಬಿದ್ದ ಕಲ್ಲುಗಣಿಯಲ್ಲಿ, ಮುಳ್ಳು ಜಲ್ಲಿಗಳ ನಡುವೆ ಸಿಕ್ಕಿದ ಹೆಣ ಅದು. ತಲೆಯ ಹಿಂಬದಿಯ ಪೆಟ್ಟನ್ನು ಬಟ್ಟೆ ಸುತ್ತಿ ಮುಚ್ಚಿದ್ದರು. ಅಂಗಾಲಲ್ಲಿ ಮಾತ್ರ ಒಂದು ಗೀರೂ ಇರಲಿಲ್ಲ.

*

ಚಿಕ್ಕವನಿದ್ದಾಗ ಬೀದಿಯಲ್ಲಿ ಒಡೆದ ಬಾಟಲಿ ತುಳಿದಿದ್ದ. ಅಕ್ಕ ಅವನನ್ನು ಬೆನ್ನ ಮೇಲೆ ಹೊತ್ತು ಮನೆ ಸೇರಿಸಿದ್ದಳು. ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ. ಅಂದಿನಿಂದ ಅವನು ಮನೆಯ ಹೊರಗೆ ಬರಿಗಾಲನ್ನು ನೆಲಕ್ಕೆ ಇಟ್ಟವನಲ್ಲ. ಕಾರಿನೊಳಗೆ ಮಾತ್ರ ಕಾಲಿಗೆ ಸ್ವಾತಂತ್ರ್ಯ. "ಪೆಡಲ್ ಜೊತೆ ಕಾಲು ಮಾತಾಡ್ಬೇಕು ಕಣೇ," ಎನ್ನುತ್ತಿದ್ದ.

ಹಾಕುತ್ತಿದ್ದದ್ದು ಒಂದೇ ಜೊತೆ. ಪಟ್ಟಿ ಕಿತ್ತುಹೋದಾಗ ಅಕ್ಕ ಕೈಗೆ ಸಿಕ್ಕಿದ ಹಸಿರು ದಾರದಲ್ಲೇ ಹೊಲಿದುಕೊಟ್ಟಳು. "ಮದುಮಗನ ಚಪ್ಪಲಿ ಹಾಗಿದೆ. ಹೆಣ್ಣೂ ನೀನೇ ಹುಡುಕು," ಎಂದು ರೇಗಿಸಿದ. ಇಬ್ಬರೂ ಮದುವೆಯ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಸಂಜೆ ಮೆಟ್ಟಿಲ ಮೇಲೆ ಆ ಚಪ್ಪಲಿಯ ಟಪಟಪ ಕೇಳಿದರೆ ಅಕ್ಕ ಹೊಲಿಗೆ ನಿಲ್ಲಿಸಿ ಒಲೆ ಹಚ್ಚುತ್ತಿದ್ದಳು. ಅವಳಿಗೆ ಇದ್ದ ಗಡಿಯಾರ ಅದೊಂದೇ.

*

ಪೆಟ್ಟಿಗೆ ಎತ್ತುವ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದರು. ಟೋಪಿ ತೆಗೆದು ಪೆಟ್ಟಿಗೆಗೆ ಕೈಮುಗಿದರು. ಆಮೇಲೆ ಅಕ್ಕನನ್ನು ಕಿಟಕಿಯ ಬಳಿಗೆ ಕರೆದರು.

"ನಿಮ್ಮಿಂದ ಮುಚ್ಚಿಡೋದಿಲ್ಲಮ್ಮ. ನಿಮ್ಮ ತಮ್ಮನ ಕಾರಿನ ಜೊತೆ ಸಿಕ್ಕಿಬಿದ್ದವನು ಇನ್ನೂ ನಮ್ಮ ಹತ್ರಾನೇ ಇದಾನೆ. ಅವತ್ತು ಕಾರು ಬಾಡಿಗೆಗೆ ಹಿಡಿದವನೂ ಅವನೇ. ಆದ್ರೆ ನಿಮ್ಮ ತಮ್ಮನೇ ಕಾರು ತನಗೆ ಮಾರಿ, ಹೆದ್ದಾರೀಲಿ ಇಳಿದು ನಡ್ಕೊಂಡು ಹೋದ ಅಂತಾನೆ. ಕೊಂದಿದ್ದು ಕಂಡೋರು ಯಾರೂ ಇಲ್ಲ."

"ಹಾಗಾದ್ರೆ ಬಿಟ್ಟುಬಿಡ್ತೀರಾ?"

ಅಕ್ಕ ಪೆಟ್ಟಿಗೆಯತ್ತ ತಿರುಗಿದಳು. ಕೊಂದವನು ನಾಳೆ ಇದೇ ಬೀದಿಯಲ್ಲಿ ಓಡಾಡಬಹುದು.

"ಸಾರ್, ಕಾರಲ್ಲಿ ಚಪ್ಪಲಿ ಇತ್ತಾ?"

"ಡ್ರೈವರ್ ಸೀಟಿನ ಕೆಳಗೆ ಒಂದು ಜೊತೆ ಇತ್ತು. ಹಳೇದು."

"ಪಟ್ಟಿಗೆ ಹಸಿರು ದಾರದ ಹೊಲಿಗೆ?"

ಇನ್ಸ್‌ಪೆಕ್ಟರ್ ಅವಳನ್ನೇ ನೋಡಿದರು. ಅಕ್ಕ ಬಾಟಲಿಯ ಕತೆ ಹೇಳಿದಳು, ಗೀರಿಲ್ಲದ ಅಂಗಾಲು ತೋರಿಸಿದಳು. "ನನ್ ತಮ್ಮ ಆ ಕಾರಿಂದ ತಾನಾಗಿ ಇಳಿದಿಲ್ಲ ಸಾರ್. ಅವನನ್ನ ಇಳಿಸಿದಾರೆ, ಹೊತ್ಕೊಂಡು ಹೋಗಿ ಹಾಕಿದಾರೆ."

"ನಿಜ ಸಾರ್," ಎಂದ ದಪ್ಪ ಡ್ರೈವರ್. "ಸ್ಟ್ಯಾಂಡಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಇನ್ಸ್‌ಪೆಕ್ಟರ್ ಮೆಟ್ಟಿಲಿಗೆ ಹೋಗಿ ಠಾಣೆಗೆ ಫೋನ್ ಮಾಡಿದರು. ಎಲ್ಲರೂ ಕಾದರು. ಹಿಂತಿರುಗಿದಾಗ ಅವರ ದನಿ ಬದಲಾಗಿತ್ತು.

"ಚಪ್ಪಲಿಗೆ ಹಸಿರು ಹೊಲಿಗೆ ಇದೆಯಂತೆ. ಇಳಿದು ಹೋದವನ ಕಾಲಲ್ಲಿ ಏನಿತ್ತು ಅಂತ ಆ ಸಿಕ್ಕಿಬಿದ್ದವನನ್ನ ಕೇಳಿಸ್ದೆ. ಚಪ್ಪಲಿ ಟಪಟಪ ಅನ್ಸಿಕೊಂಡು ಹೋದ, ಕಿವಿಯಾರೆ ಕೇಳಿದೆ ಅಂದನಂತೆ. ಈ ಸುಳ್ಳಿಗೂ ಅವನು ಕೋರ್ಟಲ್ಲಿ ಜವಾಬು ಹೇಳ್ಬೇಕು. ಬಾಡಿಗೆ ಹಿಡಿದಿದ್ದು, ಕಾರು ಸಿಕ್ಕಿದ್ದು, ಈಗ ಇದು. ಕೊಂಡಿಗೆ ಕೊಂಡಿ ಸೇರ್ತಿದೆ. ನೀವು ಸಾಕ್ಷಿ ಹೇಳ್ಬೇಕಾಗತ್ತೆ."

"ಹೇಳ್ತೀನಿ. ಚಪ್ಪಲಿ ಇವತ್ತೊಂದು ದಿನ ಕೊಡಿ. ಅವನಿಗೆ ಹಾಕ್ಬೇಕು."

ಇನ್ಸ್‌ಪೆಕ್ಟರ್ ತಲೆ ತಗ್ಗಿಸಿದರು. "ಅದನ್ನ ಮಣ್ಣು ಮಾಡಿದ್ರೆ ಕೇಸೂ ಮಣ್ಣಾಗತ್ತಮ್ಮ."

ಅಕ್ಕ ಮತ್ತೆ ಕೇಳಲಿಲ್ಲ. ಬಂದಿದ್ದವರ ನಡುವೆಯೂ ಅವಳಿಗೆ ತಾನು ಒಬ್ಬಳೇ ಎನ್ನಿಸಿದ್ದು ಆಗಲೇ.

*

ಸ್ಮಶಾನದಲ್ಲಿ ಮುಚ್ಚಳ ಹಾಕುವ ಮುನ್ನ ಅವಳು, "ಒಂದ್ನಿಮಿಷ," ಎಂದಳು. ತನ್ನ ಕಾಲಿನ ಚಪ್ಪಲಿ ಕಳಚಿದಳು. ಅವನಿಗೆ ತೀರಾ ಚಿಕ್ಕವು, ಬೆರಳು ಕೂಡ ತೂರಲಿಲ್ಲ. ಕೈಗೆ ಸಿಗುವ ಹಾಗೆ ಪಕ್ಕದಲ್ಲಿ ಇಟ್ಟಳು. ಕೊಂಚ ಯೋಚಿಸಿ, ಎಡದ್ದು ಎಡಕ್ಕೆ ಬರುವಂತೆ ಸರಿಪಡಿಸಿದಳು.

"ಗಾಡಿ ಹತ್ತಮ್ಮ, ಬಿಸಿಲಲ್ಲಿ ಕಾಲು ಸುಡತ್ತೆ," ಎಂದ ದಪ್ಪ ಡ್ರೈವರ್.

"ನಡೀತೀನಿ."

ಜಲ್ಲಿದಾರಿ ಮುಗಿದು ಟಾರುರಸ್ತೆ ಬಂತು, ರಸ್ತೆ ಮುಗಿದು ಮನೆ ಬಂತು. ಮೆಟ್ಟಿಲು ಹತ್ತುವಾಗ ಅವಳ ಕಾಲು ಸದ್ದೇ ಮಾಡಲಿಲ್ಲ. ಬಾಗಿಲ ಬಳಿ ಅವನು ಚಪ್ಪಲಿ ಬಿಡುತ್ತಿದ್ದ ಕಡೆ ಸಿಮೆಂಟು ಸವೆದು ನುಣುಪಾಗಿತ್ತು. ಗೋಡೆ ಹಿಡಿದು, ಅಂಗಾಲಿಗೆ ಕಚ್ಚಿದ್ದ ಜಲ್ಲಿಯ ಚೂರನ್ನು ಕಿತ್ತು ಅಲ್ಲಿ ಇಟ್ಟಳು. ಒಳಗೆ ಹೋಗದೆ, ಒಂಟಿಕಾಲಲ್ಲಿ ಕೆಳಗಿನ ಮೆಟ್ಟಿಲಿನತ್ತ ಕಿವಿಗೊಟ್ಟು ನಿಂತಳು.